ಮಣಿಯನ್ನೇ ಹೊಲಿಗೆಯಾಗಿಸಿದ ಕೌದಿ

ಕೌದಿಗೆ ಮಣಿ ಸೇರಿಸುವವರಲ್ಲಿ ಹೆಚ್ಚಿನವರು ಮೊದಲು ಕೌದಿಯನ್ನು ಪೂರ್ತಿ ಹೊಲಿದು, ಅಂಚುಪಟ್ಟಿ ಕಟ್ಟಿ, ಎಲ್ಲ ಮುಗಿದ ಮೇಲೆ ಖಾಲಿ ಕಂಡ ಕಡೆ ಮಣಿ ಕೂರಿಸುತ್ತಾರೆ. ಹಾಗೆ ಕೂರಿಸಿದ ಮಣಿಗಳ ಭಾರವನ್ನೆಲ್ಲ ಬಹುಮಟ್ಟಿಗೆ ಮೇಲುಬಟ್ಟೆಯೊಂದೇ ಹೊರಬೇಕಾಗುತ್ತದೆ. ಗೋಡೆಗೆ ತೂಗುಹಾಕಿ ಕೆಲವು ಕಾಲ ಕಳೆದರೆ ಬಟ್ಟೆ ಮೆಲ್ಲನೆ ಜೋಲತೊಡಗುತ್ತದೆ. ಈ ಕಾರಣಕ್ಕೆ ನಾನು ಮೇಲುಬಟ್ಟೆ, ನಡುವಿನ ಹಾಸು, ಅಡಿಬಟ್ಟೆ ಎಂಬ ಮೂರು ಪದರಗಳನ್ನು ಒಂದಾಗಿ ಹಿಡಿಯುವ ಕೆಲಸವನ್ನೇ ಮಣಿ ಹೊಲಿಗೆಗೆ ವಹಿಸುತ್ತೇನೆ. ಹೀಗೆ ಹೊರಟರೆ ಬಟ್ಟೆಯ ಆಯ್ಕೆಯಿಂದ ಹಿಡಿದು ಅಂಚು ಕಟ್ಟುವವರೆಗೆ ಪ್ರತಿಯೊಂದು ನಿರ್ಧಾರವನ್ನೂ ಮಣಿಯನ್ನು ಮುಂದಿಟ್ಟುಕೊಂಡೇ ಮಾಡಬೇಕಾಗುತ್ತದೆ. ತುಕ್ಕು ಹಿಡಿದ ತಗಡಿನ ಮೇಲ್ಮೈಯನ್ನು ವಸ್ತುವಾಗಿಟ್ಟುಕೊಂಡು ಈಚೆಗೆ ಮುಗಿಸಿದ ಗೋಡೆ ಕೌದಿಯೊಂದನ್ನು ಆಧಾರವಾಗಿಟ್ಟುಕೊಂಡು ನನ್ನ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೇಲುಬಟ್ಟೆಗೆ ಬೂದು, ಇಟ್ಟಿಗೆ ಕೆಂಪು, ಕಂದು ಬಣ್ಣಗಳ ಹತ್ತಿಬಟ್ಟೆಯ ಪಟ್ಟಿಗಳನ್ನೂ ನಡುನಡುವೆ ಒರಟು ರೇಷ್ಮೆಯ ತುಂಡುಗಳನ್ನೂ ಕಾಲು ಅಂಗುಲದ ಅಂಚು ಬಿಟ್ಟು ಜೋಡಿಸಿದೆ. ನೇಯ್ಗೆ ತೀರಾ ಬಿಗಿಯಾದ ಬಟ್ಟೆಯಲ್ಲಿ ತೆಳ್ಳನೆಯ ಮಣಿಸೂಜಿ ಬಾಗಿಹೋಗುತ್ತದೆ. ತೀರಾ ಸಡಿಲವಾದರೆ ಗಂಟು ನುಸುಳಿ ಹೊರಬರುತ್ತದೆ. ರೇಷ್ಮೆಯ ತುಂಡುಗಳ ಹಿಂಬದಿಗೆ ಇಸ್ತ್ರಿಯಿಂದ ಅಂಟುವ ತೆಳುವಾದ ಕ್ಯಾನ್ವಾಸ್ ಹಾಕಿದ್ದರಿಂದ ಎಳೆ ಬಿಚ್ಚುವ ತೊಂದರೆ ತಪ್ಪಿತು. ನಡುವಿನ ಹಾಸಿನ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ: ಹೊದೆಯುವ ಕೌದಿಗೆ ಚೆನ್ನಾಗಿರುವ ಉಬ್ಬಿದ ಪಾಲಿಯೆಸ್ಟರ್ ಹಾಸು ಮಣಿಗೆ ಒಗ್ಗುವುದಿಲ್ಲ. ದಾರ ಬಿಗಿದ ಕೂಡಲೇ ಮಣಿ ಅದರೊಳಗೆ ಕುಸಿದು ಅರ್ಧ ಮರೆಯಾಗುತ್ತದೆ. ನೂರಕ್ಕೆ 80 ಪಾಲು ಹತ್ತಿ, 20 ಪಾಲು ಪಾಲಿಯೆಸ್ಟರ್ ಬೆರೆತ, ಒತ್ತಾಗಿ ಚಪ್ಪಟೆಯಾಗಿರುವ ಹಾಸನ್ನೇ ನಾನು ಬಳಸುತ್ತೇನೆ. ಹತ್ತಿಯ ಅಂಶವಿರುವ ಹಾಸು ನೀರು ತಾಗಿದಾಗ ಕುಗ್ಗುತ್ತದೆಯಾದರೂ ಮಣಿ ಹೊಲಿದ ಕೌದಿಯನ್ನು ಒಗೆಯುವ ಪ್ರಸಂಗವೇ ಇಲ್ಲದ ಕಾರಣ ಅದರ ಚಿಂತೆ ಬೇಡ. ಬಟ್ಟೆಗಳನ್ನು ಮಾತ್ರ ಮೊದಲೇ ನೀರಿಗೆ ಹಾಕಿ ಬಣ್ಣ ಬಿಡುವುದೇ ಎಂದು ನೋಡಿಕೊಳ್ಳುತ್ತೇನೆ.

ಮೂರು ಪದರಗಳನ್ನು ಹಾಸಿ ಕಚ್ಚಾ ಹೊಲಿಗೆ ಹಾಕಿದ ಮೇಲೆ, ಯಂತ್ರದ ಹೊಲಿಗೆ ಎಲ್ಲಿ, ಮಣಿ ಎಲ್ಲಿ ಎಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡುತ್ತೇನೆ. ಯಂತ್ರದ ಕೆಲಸವೆಲ್ಲ ಮೊದಲೇ ಮುಗಿಯಬೇಕು, ಏಕೆಂದರೆ ಗಾಜಿನ ಮಣಿಯ ಮೇಲೆ ಯಂತ್ರದ ಪಾದ ಹತ್ತಿದರೆ ಮಣಿಯೋ ಸೂಜಿಯೋ ಮುರಿಯುವುದು ಖಚಿತ. ಹೊಲಿಗೆಯ ಸಾಂದ್ರತೆಯನ್ನು ಸರಿದೂಗಿಸುವುದೇ ಇಲ್ಲಿನ ಸೂಕ್ಷ್ಮ. ಒತ್ತಾಗಿ ಹೊಲಿದ ಜಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ, ಹೊಲಿಗೆಯಿಲ್ಲದ ಜಾಗ ಉಬ್ಬುತ್ತದೆ. ಮಣಿಗಳ ದಟ್ಟ ಸಾಲುಗಳೂ ಯಂತ್ರದ ಹೊಲಿಗೆಯಷ್ಟೇ ಬಟ್ಟೆಯನ್ನು ಸೆಳೆಯುತ್ತವೆ. ಆದುದರಿಂದ ಮಣಿ ಬರುವ ಭಾಗದ ಸುತ್ತ ಯಂತ್ರದ ಗೆರೆಗಳನ್ನು ಕ್ರಮವಾಗಿ ವಿರಳಗೊಳಿಸುತ್ತಾ ಹೋಗುತ್ತೇನೆ. ಕೌದಿಯನ್ನು ಬೇಕಾದ ಅಳತೆಗಿಂತ ನಾಲ್ಕೂ ಕಡೆ ಸುಮಾರು 5 ಸೆಂಟಿಮೀಟರ್ ದೊಡ್ಡದಾಗಿಯೇ ಇಟ್ಟುಕೊಂಡು, ಸೆಳೆತವೆಲ್ಲ ತೀರಿದ ನಂತರ ಚೌಕ ನೋಡಿ ಕತ್ತರಿಸುತ್ತೇನೆ. ಅಂಚಿನಿಂದ ಎರಡು ಬೆರಳು ಅಗಲದ ಜಾಗವನ್ನು ಅಂಚುಪಟ್ಟಿ ಹೊಲಿದು ಮುಗಿಯುವವರೆಗೂ ಖಾಲಿ ಬಿಟ್ಟು, ಆಮೇಲೆ ಕೈಯಿಂದ ತುಂಬುತ್ತೇನೆ.

ಸಣ್ಣ ಗಾಜಿನ ಮಣಿಗಳ ಅಳತೆಯ ಲೆಕ್ಕ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ: ಸಂಖ್ಯೆ ದೊಡ್ಡದಾದಷ್ಟೂ ಮಣಿ ಚಿಕ್ಕದು. 8ರ ಮಣಿ ಸುಮಾರು 3 ಮಿಲಿಮೀಟರ್, 11ರದು ಸುಮಾರು 2, 15ರದು ಸುಮಾರು ಒಂದೂವರೆ ಮಿಲಿಮೀಟರ್ ಇರುತ್ತದೆ. ಸೂಜಿಯ ಸಂಖ್ಯೆಯದೂ ಇದೇ ರೀತಿ. ಬಹುತೇಕ ಕೆಲಸಕ್ಕೆ 10ರ ಸೂಜಿ, 15ರ ಮಣಿಗೆ ಮಾತ್ರ 12ರದು. ಜಪಾನಿನ ಮಣಿಗಳು ಒಂದರಂತೆ ಒಂದಿರುತ್ತವೆ, ತೂತೂ ದೊಡ್ಡದು. ಜೆಕ್ ಮಣಿಗಳಲ್ಲಿ ಸ್ವಲ್ಪ ಏರುಪೇರು ಇರುತ್ತದೆ. ತುಕ್ಕಿನ ಒರಟುತನ ತೋರಿಸಲು ನನಗೆ ಆ ಏರುಪೇರೇ ಬೇಕಾಗಿತ್ತು. ದಾರ ಮಾತ್ರ ಹತ್ತಿಯದಾಗಿರಬಾರದು, ತೂತಿನ ಗಾಜಿನ ಅಂಚು ಅದನ್ನು ದಿನೇ ದಿನೇ ಸವೆಸುತ್ತದೆ. ಮಣಿಕೆಲಸಕ್ಕೆಂದೇ ತಯಾರಾಗುವ ನೈಲಾನ್ ದಾರ ಸಾಮಾನ್ಯವಾಗಿ ಸಾಕು. ಕೊಳವೆಯಾಕಾರದ ಮಣಿಗಳ ತುದಿ ಕತ್ತರಿಯಷ್ಟೇ ಹರಿತವಾದ್ದರಿಂದ ಅವುಗಳಿಗೆ ಮೀನುಗಾಳಕ್ಕೆಂದು ಹುಟ್ಟಿದ ಹೆಣೆದ ಪಾಲಿಎಥಿಲೀನ್ ದಾರವನ್ನು ಬಳಸಿ, ಪ್ರತಿಯೊಂದರ ಎರಡೂ ತುದಿಗೆ ಒಂದೊಂದು ಗುಂಡುಮಣಿಯನ್ನು ಕಾವಲಿಡುತ್ತೇನೆ.

ಹೊಲಿಗೆಯ ವಿಧಾನ ಮೂಲದಲ್ಲಿ ಸಾಮಾನ್ಯ ಹಿಂಹೊಲಿಗೆಯೇ. ಸೂಜಿಯನ್ನು ಮೇಲೆ ತಂದು ಮೂರು ಮಣಿ ಪೋಣಿಸಿ, ಅವನ್ನು ಗೆರೆಯ ಮೇಲೆ ಮಲಗಿಸಿ, ಮೂರನೆಯ ಮಣಿ ಮುಗಿಯುವಲ್ಲಿಯೇ ಸೂಜಿ ಇಳಿಸಬೇಕು. ಒಂದು ಕೂದಲೆಳೆ ಹಿಂದೆ ಇಳಿಸಿದರೆ ಸಾಲು ಕಮಾನಾಗಿ ಏಳುತ್ತದೆ, ಮುಂದೆ ಇಳಿಸಿದರೆ ನಡುವೆ ದಾರ ಕಾಣುತ್ತದೆ. ಅನಂತರ ಮೊದಲ ಮತ್ತು ಎರಡನೆಯ ಮಣಿಗಳ ನಡುವೆ ಸೂಜಿಯನ್ನು ಮೇಲೆತ್ತಿ, ಎರಡನೆಯ ಮತ್ತು ಮೂರನೆಯ ಮಣಿಗಳ ಒಳಗಿಂದ ಇನ್ನೊಮ್ಮೆ ಹಾಯಿಸಿ ಮುಂದಿನ ಮೂರನ್ನು ಪೋಣಿಸುತ್ತೇನೆ. ಹೀಗೆ ಎರಡು ಸಲ ದಾರ ಹಾಯ್ದ ಮಣಿಗಳು ಸಾಲಿನಲ್ಲಿ ಅಲುಗಾಡುವುದಿಲ್ಲ. ಕೌದಿಗೆ ನಾನು ಮಾಡಿಕೊಂಡಿರುವ ಬದಲಾವಣೆ ಸೂಜಿ ಎಷ್ಟು ಆಳಕ್ಕೆ ಇಳಿಯಬೇಕೆಂಬುದರಲ್ಲಿದೆ: ಒಂದು ಸಲ ಅದು ಹಾಸಿನಲ್ಲಿಯೇ ತಿರುಗಿ ಬರುತ್ತದೆ, ಮರುಸಲ ಅಡಿಬಟ್ಟೆಯ ಒಂದೆರಡು ಎಳೆಗಳನ್ನು ಕಚ್ಚಿಕೊಂಡು ಬರುತ್ತದೆ. ಹಿಂಬದಿಯಲ್ಲಿ ಚುಕ್ಕಿಗಳ ಸಾಲಷ್ಟೇ ಕಾಣುತ್ತದೆ. ಪ್ರತಿ ಸಲವೂ ಪೂರ್ತಿ ಆಳಕ್ಕೆ ಹೊಲಿದರೆ ಪದರಗಳು ಹಿಂಡಿದಂತಾಗಿ ಕೌದಿ ತನ್ನ ಮೈಯನ್ನೇ ಕಳೆದುಕೊಳ್ಳುತ್ತದೆ. ಅಂಗುಲ, ಎರಡಂಗುಲಕ್ಕೊಮ್ಮೆ ಹಾಸಿನೊಳಗೆ ಒಂದು ಚಿಕ್ಕ ಹೊಲಿಗೆಯನ್ನು ಮೇಲಿಂದ ಮೇಲೆ ಹಾಕಿ ಬೀಗ ಹಾಕುವುದರಿಂದ, ಮುಂದೆಂದಾದರೂ ದಾರ ಹರಿದರೆ ಅಷ್ಟೇ ಭಾಗ ಬಿಚ್ಚುತ್ತದೆ. ಮೂರು ಪದರಗಳಿಗೆ ತಮ್ಮದೇ ಬಿಗುವಿರುವುದರಿಂದ ಕಸೂತಿಯ ರಿಂಗು ಬೇಕಾಗುವುದಿಲ್ಲ. ಹೊಲಿದ ಮಣಿಗಳ ಮೇಲೆ ರಿಂಗು ಹಾಕಲಂತೂ ಆಗದು.

ಬಣ್ಣದ ಬಗ್ಗೆ ಹೇಳುವುದಾದರೆ, ಪಾರದರ್ಶಕ ಮಣಿಯ ಬಣ್ಣ ಡಬ್ಬಿಯಲ್ಲಿ ಕಂಡಂತೆ ಬಟ್ಟೆಯ ಮೇಲೆ ಕಾಣುವುದಿಲ್ಲ. ಬಟ್ಟೆಯ ಬಣ್ಣವೂ ಒಳಗೆ ಹಾಯ್ದ ದಾರದ ಬಣ್ಣವೂ ಅದರಲ್ಲಿ ಬೆರೆಯುತ್ತವೆ. ಒಂದೇ ಜೇನುಬಣ್ಣದ ಮಣಿಯನ್ನು ಕೆಂಪು, ಬೂದು, ಕಪ್ಪು ದಾರಗಳಲ್ಲಿ ಪೋಣಿಸಿ ನಾನು ತುಕ್ಕಿನ ಮೂರು ಛಾಯೆಗಳನ್ನು ಪಡೆದೆ. ಹೊಳಪಿಲ್ಲದ ಮಣಿಗಳ ಬಯಲಿನಲ್ಲಿ ಹೊಳೆಯುವವು ಅಲ್ಲೊಂದು ಇಲ್ಲೊಂದು ಇದ್ದರೆ ಸಾಕು. ಎಲ್ಲವೂ ಹೊಳೆದರೆ ಕೆಳಗಿನ ಬಟ್ಟೆಯ ಜೋಡಣೆ ಕಣ್ಣಿಗೆ ಬೀಳುವುದೇ ಇಲ್ಲ. ಲೋಹದ ಲೇಪವಿರುವ ಕೆಲವು ಮಣಿಗಳ ಬಣ್ಣ ಕೈಯ ಬೆವರಿಗೇ ಉದುರುತ್ತದೆ, ಬಣ್ಣ ಕಟ್ಟಿದವುಗಳಲ್ಲಿ ಕೆಲವು ಬಿಸಿಲಿಗೆ ಮಾಸುತ್ತವೆ. ಕೊಂಡ ಪ್ರತಿ ಬಗೆಯಲ್ಲೂ ನಾಲ್ಕಾರು ಮಣಿಗಳನ್ನು ಕಿಟಕಿಯ ಬಿಸಿಲಿಗೆ ಅಂಟಿಸಿಟ್ಟು, ಇನ್ನು ನಾಲ್ಕಾರನ್ನು ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿ ನೋಡಿದ ಮೇಲೆಯೇ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ.

ಉಳಿದದ್ದು ಭಾರ. 11ರ ಗುಂಡುಮಣಿಗಳು ಒಂದು ಗ್ರಾಮಿಗೆ ಸುಮಾರು 110 ತೂಗುತ್ತವೆ. ಒತ್ತಾಗಿ ತುಂಬಿದ ಅಂಗೈಯಗಲದ ಜಾಗ ಕೂಡ ಗಣನೀಯ ತೂಕ ಸೇರಿಸುತ್ತದೆ. ಅಮೆರಿಕದ ಎಲಿಜಬೆತ್ ಟ್ಯಾಲ್‌ಫೋರ್ಡ್ ಸ್ಕಾಟ್ (1916–2011) ಅವರ ಕೌದಿಗಳಲ್ಲಿ ಮಣಿ, ಗುಂಡಿಗಳ ಜೊತೆಗೆ ಕಲ್ಲುಗಳೂ ಇವೆ. ಮಣಿಗಳಲ್ಲೇ ಶಿಲ್ಪ ಹೆಣೆಯುವ ಕಲಾವಿದೆ ಜಾಯ್ಸ್ ಜೆ. ಸ್ಕಾಟ್ ಈ ಎಲಿಜಬೆತ್ ಅವರ ಮಗಳು. ಆ ಕೌದಿಗಳ ಒತ್ತಾದ ಕೈಹೊಲಿಗೆಯನ್ನು ಚಿತ್ರಗಳಲ್ಲಿ ಕಂಡಾಗಲೆಲ್ಲ ನನ್ನ ಗಮನ ಆ ಕಲ್ಲುಗಳ ಸುತ್ತಲಿನ ಬಟ್ಟೆಯ ಕಡೆಗೇ ಹೋಗುತ್ತದೆ. ನನ್ನ ಕೌದಿಯಲ್ಲಿ ಮಣಿಗಳ ದಟ್ಟಣೆ ಕೆಳಗಿನ ಬಲಮೂಲೆಯಲ್ಲಿತ್ತು. ಅದು ಒಂದೇ ಪಕ್ಕಕ್ಕೆ ಎಳೆಯದಂತೆ, ಆ ಮೂಲೆಯಿಂದ ಮೇಲಂಚಿನವರೆಗೆ ಯಂತ್ರದ ನಿಲುವುಗೆರೆಗಳನ್ನು ಎಳೆದಿದ್ದೆ. ಹಿಂಬದಿಯ ಮೇಲಂಚಿನುದ್ದಕ್ಕೂ 10 ಸೆಂಟಿಮೀಟರ್ ಅಗಲದ ಬಟ್ಟೆಯ ಕೊಳವೆ ಹೊಲಿದು ಅದರೊಳಗೆ ಚಪ್ಪಟೆ ಮರದ ಪಟ್ಟಿ ತೂರಿಸಿದರೆ ತೂಕ ಇಡೀ ಅಂಚಿಗೆ ಹಂಚಿಹೋಗುತ್ತದೆ. ಎರಡು ಮೂಲೆಗಳಿಗೆ ಬಳೆ ಸಿಕ್ಕಿಸಿ ತೂಗುಹಾಕುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಗೋಡೆಯಿಂದ ಇಳಿಸಿದಾಗ ಮಡಿಸದೆ, ದಪ್ಪ ರಟ್ಟಿನ ಕೊಳವೆಗೆ ಮಣಿಯ ಮುಖ ಹೊರಗಿರುವಂತೆ ಸುತ್ತಿ, ಸುತ್ತು ಸುತ್ತಿನ ನಡುವೆ ಮೆದುವಾದ ಬಿಳಿಬಟ್ಟೆ ಹಾಕುತ್ತೇನೆ. ಬಳಸಿದ ಪ್ರತಿ ಬಗೆಯ ಮಣಿಗಳಲ್ಲಿ ಒಂದಷ್ಟನ್ನು, ದಾರದ ಒಂದೊಂದು ತುಂಡಿನೊಂದಿಗೆ, ಪುಟ್ಟ ಚೀಲದಲ್ಲಿ ಹಾಕಿ ಅಡಿಬಟ್ಟೆಗೆ ಹೊಲಿದುಬಿಡುತ್ತೇನೆ, ಏಕೆಂದರೆ ಅದೇ ಸಂಖ್ಯೆಯ ಮಣಿ ಮತ್ತೆ ಕೊಂಡಾಗ ಬಣ್ಣ ಹೊಂದುತ್ತದೆಂಬ ಖಾತರಿ ಇರುವುದಿಲ್ಲ.