ಕಾಕಂಬಿ ಡ್ರಮ್ಮಿನಲ್ಲಿ ಜೀಪ್ ಬ್ಲಾಕು: ನನ್ನ ಅನುಭವ

"ತೂಕಕ್ಕೆ ಹಾಕಿ, ಬೇರೆ ಬ್ಲಾಕು ಹುಡುಕಿ" ಎಂದು ಬೋರಿಂಗ್ ಶಾಪಿನವರು ಬೆರಳು ಕೂಡ ತಾಗಿಸದೆ ವಾಪಸ್ ಕಳಿಸಿದ ತುಕ್ಕು ಹಿಡಿದ ಬ್ಲಾಕು ಇದು (ಬ್ಲಾಕು ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮೈ, ಬೀಡಿನ ಎರಕ). ಅದನ್ನು ಕಾಕಂಬಿಯಲ್ಲಿ ನೆನೆಸಿ ತುಕ್ಕು ಬಿಡಿಸಿದೆ. ಈಗ ತೀರ್ಥಹಳ್ಳಿ ಕಡೆಯ ತೋಟದ ಏರಿನಲ್ಲಿ ಅಡಿಕೆ ಮೂಟೆ ಹೊತ್ತು ಸಲೀಸಾಗಿ ಹತ್ತುತ್ತಿದೆ. ಸಿಜೆ3ಬಿ ಜೀಪಿನ ಪೆಟ್ರೋಲ್ ಎಂಜಿನ್, ಎಫ್-ಹೆಡ್ ಹರಿಕೇನ್ (ಇನ್‌ಲೆಟ್ ವಾಲ್ವು ಮೇಲಿನ ಮುಚ್ಚಳದಲ್ಲಿ, ಅಂದರೆ ಹೆಡ್ಡಿನಲ್ಲಿ; ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ), 2.2 ಲೀಟರ್. ಹಲಸಿನ ಮರದಡಿ ಹತ್ತು ಹನ್ನೆರಡು ಮಳೆಗಾಲ ಕಂಡಿತ್ತು. ಬಾನೆಟ್ ಇಲ್ಲ, ಏರ್ ಕ್ಲೀನರ್ ಇಲ್ಲ, ಸೈಲೆನ್ಸರ್ ಪೈಪು ಉದುರಿ ಹೋಗಿತ್ತು.

ಬೇರೆ ಬ್ಲಾಕು ಸಿಗುವುದಿಲ್ಲ ಎಂದಲ್ಲ. ಆದರೆ ಆರ್‌ಸಿಯಲ್ಲಿರುವ ಎಂಜಿನ್ ನಂಬರು ಈ ಬ್ಲಾಕಿನದು. ವಾಟರ್ ಪಂಪ್ ಕೂರುವ ಜಾಗದ ಮೇಲೆ ಹೊಡೆದಿರುತ್ತಾರೆ. ಆ ಜಾಗಕ್ಕೆ ಗ್ರೈಂಡರ್, ವೈರ್ ವೀಲ್ ಯಾವುದನ್ನೂ ತಾಗಿಸಬೇಡಿ. ಹಳೆ ಟೂತ್ ಬ್ರಷ್, ಡೀಸೆಲ್, ತಾಳ್ಮೆ, ಅಷ್ಟೇ. ಒಂದೊಂದೇ ಅಂಕಿ ತುಕ್ಕಿನೊಳಗಿಂದ ಮೇಲೆ ಬರುತ್ತದೆ.

ಹೆಡ್ ಬಿಚ್ಚುವಾಗ ಎಲ್ಲರೂ ಮರೆಯುವ ಬೋಲ್ಟು ಒಂದಿದೆ, ಕಾರ್ಬುರೇಟರ್ ಅಡಿಯಲ್ಲಿ ಇಂಟೇಕ್ ದಾರಿಯೊಳಗೆ ಕೂತಿರುವುದು. ಕಾರ್ಬುರೇಟರಿಗೆ ಬಿದ್ದ ಮಳೆನೀರೆಲ್ಲ ಅದರ ತಲೆ ಮೇಲೆಯೇ ಇಳಿದಿರುತ್ತದೆ. ಅದು ಕೂತಿರುವಾಗಲೇ ಹೆಡ್ಡಿಗೆ ಉಳಿ ಹಾಕಿ ಎಬ್ಬಿದರೆ ಹೆಡ್ ಸೀಳುತ್ತದೆ. ಬೋಲ್ಟಿನ ತಲೆಯನ್ನಷ್ಟೇ ಬಿಸಿ ಮಾಡಿ, ಕೆಂಪಾಗುವ ಮೊದಲೇ ನಿಲ್ಲಿಸಿ, ಮೇಣದಬತ್ತಿ ಒತ್ತಬೇಕು. ಕರಗಿದ ಮೇಣ ಥ್ರೆಡ್ಡಿನೊಳಗೆ ಇಳಿಯುತ್ತದೆ. ಬಿಗಿ ಮಾಡುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಹೀಗೆ ಮಾಡಿಯೂ ಎರಡು ಬೋಲ್ಟು ತುಂಡಾದವು. ಉಳಿದ ಮೋಟಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿದೆ. ಒಂದು ಮೊದಲ ಸಲಕ್ಕೇ ಬಂತು, ಇನ್ನೊಂದಕ್ಕೆ ನಾಲ್ಕು ನಟ್ ಹೋದವು.

ತುಕ್ಕು ಎಲ್ಲ ಬೋರಿನಲ್ಲೂ (ಪಿಸ್ಟನ್ ಓಡುವ ಕೊಳವೆ) ಒಂದೇ ಥರ ಇರುವುದಿಲ್ಲ. ನಾಲ್ಕು ಸಿಲಿಂಡರ್ ಎಂಜಿನ್ ಹೇಗೆ ನಿಂತರೂ ಒಂದರ ಇನ್‌ಲೆಟ್, ಇನ್ನೊಂದರ ಎಕ್ಸಾಸ್ಟ್ ವಾಲ್ವು ತೆರೆದೇ ಇರುತ್ತದೆ. ಸಿಲಿಂಡರುಗಳು ಸರದಿಯಲ್ಲಿ ಉರಿಯುವ 1-3-4-2 ಫೈರಿಂಗ್‌ನಲ್ಲಿ ನನ್ನದು ಒಂದನೇದರ ಇನ್‌ಲೆಟ್, ಮೂರನೇದರ ಎಕ್ಸಾಸ್ಟ್ ತೆರೆದು ನಿಂತಿತ್ತು. ಒಂದಕ್ಕೆ ಕಾರ್ಬುರೇಟರ್ ಕಡೆಯಿಂದ ನೇರ ಮಳೆ, ಮೂರಕ್ಕೆ ಸೈಲೆನ್ಸರ್ ದಾರಿಯಿಂದ ತೇವ. ಎರಡು ಮತ್ತು ನಾಲ್ಕರ ಪಿಸ್ಟನ್ ಕೈಯಲ್ಲೇ ಹೊರಬಂದವು. ಬ್ಲಾಕು ಸತ್ತಿದೆ ಎಂದವರು ಒಂದನೇ ಬೋರು ಮಾತ್ರ ನೋಡಿದ್ದರು.

ಜಾಮ್ ಆದ ಎರಡು ಪಿಸ್ಟನ್ನಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಮತ್ತು ಅಸಿಟೋನ್ ಅರ್ಧರ್ಧ ಹಾಕಿ ಎಂಟು ದಿನ ಬಿಟ್ಟೆ. ಅಸಿಟೋನ್ ಹಾರಿಹೋಗುತ್ತದೆ, ದಿನಾ ಮೇಲೆ ಸ್ವಲ್ಪ ಹಾಕಬೇಕು. ಎರಡೂ ಸರಿಯಾಗಿ ಬೆರೆಯುವುದಿಲ್ಲ, ಬಾಟಲಿ ಅಲ್ಲಾಡಿಸಿ ಹಾಕಿ. ಇದಕ್ಕೆ ನಾನು ಸೇರಿಸುವ ಮೂರನೇ ವಸ್ತು ಒಂದಿದೆ, ಅದು ನನ್ನ ಬಳಿಯೇ ಇರಲಿ. ಒತ್ತುವ ಮೊದಲು ಪಿಸ್ಟನ್ನಿನ ಮೇಲಿನ ಬೋರು ಎಮರಿಯಲ್ಲಿ ಪೂರ್ತಿ ಕ್ಲೀನ್ ಆಗಿರಬೇಕು, ಇಲ್ಲದಿದ್ದರೆ ಸಡಿಲಾದ ಪಿಸ್ಟನ್ ಎರಡಿಂಚು ಮೇಲೆ ಮತ್ತೆ ಕಚ್ಚಿಕೊಳ್ಳುತ್ತದೆ. ಕ್ರ್ಯಾಂಕ್ ಇಳಿಸಿ, ಬೋರಿನ ಅಳತೆಗೆ ಲೇತಿನಲ್ಲಿ ತಿರುಗಿಸಿದ ಮತ್ತಿ ಮರದ ಗುಂಡಿಟ್ಟು, ಬಾಟಲ್ ಜಾಕ್‌ನಲ್ಲಿ ಮೊದಲು ಕೆಳಕ್ಕೆ ಒಂದು ಮಿಲಿಮೀಟರ್, ಆಮೇಲೆ ಮೇಲಕ್ಕೆ ಒತ್ತಿದೆ. ಮೂರನೇದು "ಟಕ್" ಎಂದು ಬಿಟ್ಟಿತು. ಒಂದನೇದು ಬಿಡಲೇ ಇಲ್ಲ. ಅದನ್ನು ಡ್ರಿಲ್ ಹಾಕಿ, ಸೀಳಿ, ತುಂಡು ತುಂಡಾಗಿ ತೆಗೆದೆ. ಪಿಸ್ಟನ್ ಹೋದರೆ ಹೋಗಲಿ, ಬೋರಿಗೆ ಪೆಟ್ಟು ಬೀಳಬಾರದು. ಸುತ್ತಿಗೆ ಹಿಡಿದವರ ಬ್ಲಾಕುಗಳೇ ಗುಜರಿಯಲ್ಲಿ ಹೆಚ್ಚು.

ಈಗ ತುಕ್ಕು. ಇದಕ್ಕೂ ಮೊದಲು ಇಂಥದ್ದೇ ಒಂದು ಬ್ಲಾಕನ್ನು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಕಳೆದುಕೊಂಡಿದ್ದೇನೆ. ಆಸಿಡ್ ತುಕ್ಕನ್ನು ತಿಂದು ನಿಲ್ಲುವುದಿಲ್ಲ, ಬೀಡನ್ನೂ ತಿನ್ನುತ್ತದೆ. ಕಬ್ಬಿಣ ಹೋಗಿ ಗ್ರಾಫೈಟ್ ಉಳಿದು, ಬೋರಿನ ಮೇಲ್ಮೈ ಉಗುರಿಗೆ ಬರುವ ಕರಿ ಮಸಿಯಾಗಿತ್ತು. ತೊಳೆದು ತಿರುಗುವಷ್ಟರಲ್ಲಿ ಹೊಸ ತುಕ್ಕು. ನಾಲ್ಕು ಸಾವಿರದಷ್ಟು ನೀರಿಗೆ ಹೋಯಿತು.

ಈ ಸಲ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಪಶು ಆಹಾರದ ಅಂಗಡಿಯದ್ದೇ ಸಾಕು. ಒಂದು ಪಾಲು ಕಾಕಂಬಿಗೆ ಎಂಟು ಪಾಲು ನೀರು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬ್ಲಾಕು ನೆಟ್ಟಗೆ ನಿಲ್ಲುತ್ತದೆ, 25 ಕೆಜಿ ಕಾಕಂಬಿ ಹಿಡಿಯಿತು. ಇಳಿಸುವ ಮೊದಲು ಅಲ್ಯೂಮಿನಿಯಂ ಚೂರೂ ಉಳಿದಿರಬಾರದು, ಅದನ್ನು ಇದು ತಿಂದುಹಾಕುತ್ತದೆ. ಕ್ಯಾಮ್‌ಶಾಫ್ಟಿನ ಮುಂದಿನ ಬುಷ್ಷನ್ನೂ ತೆಗೆಯಿರಿ. ಕೋರ್ ಪ್ಲಗ್, ಆಯಿಲ್ ಗ್ಯಾಲರಿ ಪ್ಲಗ್ ಎಲ್ಲ ಬಿಚ್ಚಿರಬೇಕು. ಬ್ಲಾಕು ಪೂರ್ತಿ ಮುಳುಗಿರಬೇಕು. ಮೂಲೆ ಒಂದು ಹೊರಗೆ ಉಳಿದರೆ ನೀರಿನ ಮಟ್ಟದಲ್ಲಿ ಗರಗಸ ಹಾಕಿದಂತೆ ಗೆರೆ ಕೊರೆಯುತ್ತದೆ.

ನಾಲ್ಕನೇ ದಿನಕ್ಕೆ ಹುಳಿ ಬಂದು ನೊರೆ ಏಳುತ್ತದೆ, ಮೇಲೆ ಬೂಷ್ಟು ಕಟ್ಟುತ್ತದೆ. ನಾತ ಮನೆಯವರೆಗೂ ಬರುತ್ತದೆ, ದೂರ ಇಡಿ. ಬಾಯಿಗೆ ಸೊಳ್ಳೆ ಪರದೆ, ಅದರ ಮೇಲೆ ಹಲಗೆ. ಇಲ್ಲದಿದ್ದರೆ ಜೇನು, ಕಣಜ, ಕೊನೆಗೆ ದನ. ವಾರಕ್ಕೊಮ್ಮೆ ಎತ್ತಿ ಪೈಪಿನ ನೀರು ಬಿಟ್ಟು ಸಡಿಲಾದದ್ದನ್ನು ಉದುರಿಸಿದರೆ ಕೆಲಸ ಬೇಗ. ಮಾರ್ಚ್ ಬಿಸಿಲಿನಲ್ಲಿ ಮೂರು ವಾರ ಸಾಕಾಯಿತು. ಮಳೆಗಾಲದಲ್ಲಿ ಕೈ ಹಾಕಬೇಡಿ. ನಮ್ಮ ಕಡೆಯ ಜುಲೈನಲ್ಲಿ ತೊಳೆದ ಬೀಡು ಟವೆಲ್ ಹುಡುಕುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗುತ್ತದೆ.

ಹೊರಬಂದ ಬ್ಲಾಕು ಬೂದು ಬಣ್ಣದ ಹೊಸ ಎರಕದಂತಿತ್ತು. ಗೈಡಿನಲ್ಲಿ ಕಚ್ಚಿದ್ದ ಎಕ್ಸಾಸ್ಟ್ ವಾಲ್ವುಗಳು, ಟ್ಯಾಪೆಟ್ಟುಗಳು ಬೆರಳಿಗೆ ಜಾರಿದವು. ತಕ್ಷಣ ವಾಷಿಂಗ್ ಸೋಡಾ ಕಲಸಿದ ಕುದಿನೀರು. ಬ್ಲಾಕು ಬಿಸಿಯಾದರೆ ತಾನೇ ಒಣಗುತ್ತದೆ. ಒಣಗಿದ ಕೂಡಲೆ ಬೋರಿಗೆ ಎಟಿಎಫ್. ಆಯಿಲ್ ದಾರಿಗಳಿಗೆ ಬ್ರಷ್ ಎಳೆದು, ಡೀಸೆಲ್ ಬಿಟ್ಟು, ಏರ್ ಹೊಡೆದು, ಮತ್ತೆ ಬ್ರಷ್. ಅಲ್ಲಿ ಕಾಕಂಬಿಯ ಕೆಸರು ಉಳಿದರೆ ಬೇರಿಂಗ್ ಮೊದಲ ದಿನವೇ ಹೋಗುತ್ತದೆ.

ಮಧ್ಯೆ ಒಂದು ಪ್ರಯೋಗ. ಅಡಿಕೆ ಬೇಯಿಸಿದ ಚೊಗರು ಹೇಗೂ ಮನೆಯಲ್ಲಿತ್ತು. ಚೊಗರಿನ ಒಗರು ತುಕ್ಕಿನ ಜೊತೆ ಸೇರಿದರೆ ನೀಲಿಗಪ್ಪು ಪದರ ಕಟ್ಟುತ್ತದೆ. ಬೆಲ್ ಹೌಸಿಂಗ್ (ಕ್ಲಚ್ಚಿನ ಹೊರ ಕವಚ) ಮೇಲೆ ಎರಡು ಕೈ ಹಚ್ಚಿ, ಒಣಗಿಸಿ, ಮೇಲೆ ಪೇಂಟ್ ಹೊಡೆದೆ. ಒಂದು ಮಳೆಗಾಲ ಕಳೆದಿದೆ, ಎದ್ದಿಲ್ಲ. ಹಕ್ಕಳೆ ಏಳುವ ತುಕ್ಕಿನ ಮೇಲೆ ಮಾತ್ರ ನಿಲ್ಲುವುದಿಲ್ಲ, ಹಕ್ಕಳೆಯ ಜೊತೆಗೇ ಉದುರುತ್ತದೆ. ಹುಣಸೆಹಣ್ಣೂ ಟ್ಯಾಪೆಟ್ ಕವರಿಗೆ ನೋಡಿದೆ, ಕೆಲಸ ಮಾಡುತ್ತದೆ, ಬ್ಲಾಕಿಗೆ ಅಷ್ಟು ಹುಣಸೆಹಣ್ಣು ಯಾರು ತರುತ್ತಾರೆ?

ಬೋರಿಂಗಿಗೆ ಕೊಡುವ ಮೊದಲು ಬಿರುಕು ನೋಡಲೇಬೇಕು. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಒರೆಸಿ, ಚಾಕ್‌ಪೀಸ್ ಪುಡಿ ಹಚ್ಚಿ. ಬಿರುಕಿದ್ದರೆ ಪುಡಿಯಲ್ಲಿ ಗೆರೆ ಒದ್ದೆಯಾಗುತ್ತದೆ. ಎಕ್ಸಾಸ್ಟ್ ಸೀಟಿನಿಂದ ಬೋರಿನ ಕಡೆಗಿರುವ ಸಣ್ಣ ಗೋಡೆಯೇ ಈ ಬ್ಲಾಕಿನ ಮರ್ಮ. ನನ್ನದರಲ್ಲಿ ಗೆರೆ ಇರಲಿಲ್ಲ.

ಒಂದನೇ ಬೋರಿನಲ್ಲಿ ರಿಂಗು ನಿಂತಿದ್ದ ಕಡೆ ಉಗುರು ಸಿಕ್ಕುವ ಗುಳಿ, ಸುಮಾರು ಮುಕ್ಕಾಲು ಮಿಲಿಮೀಟರ್. 40 ಸೈಜಿಗೆ (ಬೋರನ್ನು ಇಂಚಿನ ಸಾವಿರದ 40 ಭಾಗ ಅಗಲಿಸುವುದು) ಹೋದರೂ ಒಂದು ಬದಿಗೆ ಅರ್ಧ ಮಿಲಿಮೀಟರ್ ಮಾತ್ರ ಸಿಗುತ್ತದೆ. ಹಾಗಾಗಿ ಅದೊಂದಕ್ಕೆ ಸ್ಲೀವ್ (ಬೋರಿನೊಳಗೆ ಕೂರಿಸುವ ಹೊಸ ಕೊಳವೆ), ಆಮೇಲೆ ನಾಲ್ಕೂ 30 ಸೈಜ್. ಒಂದು ಬೋರು ಕೆಟ್ಟಿದೆ ಎಂದು ನಾಲ್ಕನ್ನೂ 40ಕ್ಕೆ ಒಯ್ಯುವುದು ಮುಂದಿನ ರೀಬೋರನ್ನು ಕೊಂದಂತೆ.

ಖರ್ಚು ನೆನಪಿದ್ದಷ್ಟು: ಕಾಕಂಬಿ ಏಳುನೂರು, ಹಳೆ ಡ್ರಮ್ಮು ಒಂಬೈನೂರು, ಎಟಿಎಫ್-ಅಸಿಟೋನ್ ಆರುನೂರು, ಬೋರಿಂಗ್ ಮತ್ತು ಸ್ಲೀವ್ ಆರೂವರೆ ಸಾವಿರ, ಪಿಸ್ಟನ್ ಸೆಟ್ ಏಳು ಸಾವಿರದ ಹತ್ತಿರ, ಬೇರಿಂಗ್ ಮೂರೂವರೆ, ವಾಲ್ವು-ಗೈಡು ಮೂರು, ಗ್ಯಾಸ್ಕೆಟ್-ಕೋರ್ ಪ್ಲಗ್ ಎರಡು. ಒಟ್ಟು 24-25 ಸಾವಿರ. ಬೆಂಗಳೂರಿನಲ್ಲಿ ಬರೀ ಹಳೆ ಬ್ಲಾಕಿಗೆ 30 ಹೇಳಿದ್ದರು, ಗ್ಯಾರಂಟಿ ಇಲ್ಲದೆ, ಬೋರಿಂಗ್ ಬೇರೆ.

ಐನೂರು ಕಿಲೋಮೀಟರ್ ಓಡಿದ ಮೇಲೆ ಕಂಪ್ರೆಷನ್ ನಾಲ್ಕರಲ್ಲೂ 115ರಿಂದ 120 ಪಿಎಸ್‌ಐ ಒಳಗೆ. ಸ್ಲೀವ್ ಹಾಕಿದ ಒಂದನೇದೇ ಎಲ್ಲಕ್ಕಿಂತ ಮುಂದೆ. ವಾಟರ್ ಜಾಕೆಟ್ ಎಷ್ಟು ತೊಳೆದರೂ ಮೂಲೆಯಲ್ಲಿ ಪುಡಿ ಉಳಿದೇ ಉಳಿಯುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಬಾಯಿಗೆ ನೈಲಾನ್ ಕಾಲುಚೀಲದ ತುಂಡು ಸಿಕ್ಕಿಸಿ ಓಡಿಸಿ. ಮೊದಲ ಸಲ ತೆಗೆದಾಗ ಒಂದು ಹಿಡಿ ಬಂತು, ನೂರು ಕಿಲೋಮೀಟರ್ ಬಿಟ್ಟು ಒಂದು ಚಮಚ, ಮೂರನೇ ಸಲಕ್ಕೆ ಬಟ್ಟೆ ಬರೀ ಒದ್ದೆಯಾಗಿತ್ತು.