ರೇಡಿಯೇಷನ್ ಆದಮೇಲೆ ಸಿಕ್ಕ ತಿಂಗಳುಗಳು

ನಮ್ಮ ಮಗಳಿಗೆ ಬಂದದ್ದು ಡಿಐಪಿಜಿ. ಉಸಿರಾಟ, ನುಂಗುವುದು, ಕಣ್ಣು ಹೊರಳಿಸುವುದು ಎಲ್ಲವನ್ನೂ ನಡೆಸುವ ಮೆದುಳಿನ ಬುಡದಲ್ಲೇ ಹರಡಿಕೊಳ್ಳುವ ಗಡ್ಡೆ ಅದು. ಹೆಚ್ಚಾಗಿ 5ರಿಂದ 10 ವರ್ಷದ ಮಕ್ಕಳಲ್ಲಿ ಕಾಣಿಸುತ್ತದೆ. ಆಪರೇಷನ್ ಮಾಡಿ ತೆಗೆಯಲು ಆಗುವುದಿಲ್ಲ. ಸುಮಾರು 6 ವಾರ ರೇಡಿಯೇಷನ್ ಕೊಟ್ಟರೆ ಬಹಳಷ್ಟು ಮಕ್ಕಳು ಕೆಲವು ತಿಂಗಳು ಚೇತರಿಸಿಕೊಳ್ಳುತ್ತಾರೆ. ಆಮೇಲೆ ಗಡ್ಡೆ ಮತ್ತೆ ಬೆಳೆಯುತ್ತದೆ. ಬೆಂಗಳೂರಿನ ಡಾಕ್ಟರು ಇದ್ಯಾವುದನ್ನೂ ಮುಚ್ಚಿಡಲಿಲ್ಲ. "ರೇಡಿಯೇಷನ್ ಮುಗಿದ ಮೇಲೆ ಬರೋ ದಿನಗಳೇ ನಿಮ್ಮ ದಿನಗಳು ಅಮ್ಮ. ಆಸ್ಪತ್ರೆ ಸುತ್ತಿ ಕಳೀಬೇಡಿ" ಅಂದರು. ಅವರಿಗೆ ನಾನು ಇವತ್ತಿಗೂ ಋಣಿ.

ಅವಳು ಚೇತರಿಸಿಕೊಂಡಳು. ವಾಲುತ್ತಿದ್ದ ನಡಿಗೆ ನೆಟ್ಟಗಾಯಿತು, ಮೇಲಿಂದ ಒಬ್ಬಳೇ ಮೆಟ್ಟಿಲಿಳಿದು ಬಂದಳು. ನೆಂಟರೆಲ್ಲ ವಾಸಿಯಾಯ್ತು ಅಂದುಕೊಂಡರು. ನಾಟಿ ಔಷಧಿ ಕೊಡುವವರ ವಿಳಾಸಗಳು ಬಂದವು, ಹರಕೆ ಹೊತ್ತು ಊರೂರು ಸುತ್ತಿ ಅಂದವರೂ ಇದ್ದರು. ಎಲ್ಲವೂ ಪ್ರೀತಿಯಿಂದ ಹೇಳಿದ ಮಾತೇ. ಆದರೆ ನಾನೂ ನನ್ನ ಗಂಡನೂ ಕೂತು ಒಂದು ತೀರ್ಮಾನ ಮಾಡಿದೆವು. ಅವಳ ದೇಹದಲ್ಲಿ ಶಕ್ತಿ ಇರುತ್ತಿದ್ದದ್ದು ಬೆಳಗಿನ ತಿಂಡಿಯಿಂದ ಹನ್ನೊಂದರ ತನಕ. ಆ ಹೊತ್ತು ಅವಳದ್ದು. ಬಸ್ಸಿಗೆ, ಕ್ಯೂಗೆ, ಯಾರದ್ದೋ ಸಮಾಧಾನಕ್ಕೆ ಅದನ್ನು ಕೊಡುವುದಿಲ್ಲ.

ಏನು ಬೇಕು ಪುಟ್ಟಿ ಅಂತ ಅವಳನ್ನೇ ಕೇಳಿದೆವು. ಅವಳಿಗೆ ಸ್ಕೂಲು ಬೇಕಿತ್ತು. ಅದರಲ್ಲೂ ಹಾಜರಿ ಕೂಗುವಾಗ ತನ್ನ ಹೆಸರು ಬರಬೇಕು, ತಾನು "ಯೆಸ್ ಮಿಸ್" ಅನ್ನಬೇಕು, ಅಷ್ಟೇ. ಟೀಚರ್ ಹತ್ತಿರ ಮಾತಾಡಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಬಾಗಿಲ ಪಕ್ಕದ ಬೆಂಚು ಅವಳಿಗೆ ಬಿಟ್ಟುಕೊಟ್ಟರು. ಮೊದಲ ಪೀರಿಯಡ್ ಮುಗಿಸಿ ನಾವು ಮನೆಗೆ ಬಂದುಬಿಡುತ್ತಿದ್ದೆವು.

ಮನೆಗೆ ಬರುವವರನ್ನು ನೋಡಿಕೊಂಡವರು ನಮ್ಮ ಮಾವ. ಜಗುಲಿಯಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಾಫಿ ಅಲ್ಲೇ, ಮಾತು ಅಲ್ಲೇ, ಅಳು ಬಂದರೂ ಅಲ್ಲೇ. ಒಳಗೆ ಹೋಗಬೇಕೋ ಬೇಡವೋ ಅನ್ನುವುದನ್ನು ಮಗು ಹೇಳಬೇಕಿತ್ತು. ಕೆಲವರಿಗೆ ಬೇಜಾರಾಯಿತು. ಆಗಲಿ.

ಗಡ್ಡೆಯ ಸುತ್ತಲಿನ ಊತ ಇಳಿಸಲು ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಊದುತ್ತದೆ, ವಿಪರೀತ ಹಸಿವಾಗುತ್ತದೆ. ನಡುರಾತ್ರಿ ಎದ್ದು ಅಕ್ಕಿ ರೊಟ್ಟಿ ಬೇಕು ಅನ್ನುತ್ತಿದ್ದಳು. ನಾನು ಒಲೆ ಹಚ್ಚುತ್ತಿದ್ದೆ. ಅವಳು ಅಡುಗೆ ಕಟ್ಟೆ ಮೇಲೆ ಕೂತು, ಕಲಸಿದ ಹಿಟ್ಟಿನಿಂದ ಹಸಿಮೆಣಸಿನಕಾಯಿ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗೆ ಸಾಲಾಗಿ ಇಡುತ್ತಿದ್ದಳು. ಮನೆಯೆಲ್ಲ ಮಲಗಿರುತ್ತಿತ್ತು. ಅವಳು ಜಾಸ್ತಿ ಮಾತಾಡಿದ್ದು ಆಗಲೇ.

ಒಂದು ಸಲ ರೊಟ್ಟಿ ತಟ್ಟುತ್ತಿದ್ದಾಗ ಕೇಳಿದಳು, "ಅಮ್ಮ, ನಾನು ಮೂರನೇ ಕ್ಲಾಸಿಗೆ ಹೋಗ್ತೀನಾ?" ಇಂಥ ಪ್ರಶ್ನೆ ಬಂದರೆ ಮಗುವಿಗೆ ಏನು ಗೊತ್ತಿದೆ ಅಂತ ಮೊದಲು ಕೇಳಿ ಅಂತ ಕೌನ್ಸೆಲರ್ ಹೇಳಿಕೊಟ್ಟಿದ್ದರು. "ನಿನಗೇನನ್ಸುತ್ತೆ ಕಂದ?" ಅಂದೆ. "ಗಡ್ಡೆ ಹೋಗಲ್ಲ ಅನ್ಸುತ್ತೆ" ಅಂದಳು. "ಹೌದು. ಅದನ್ನ ಓಡಿಸೋ ಔಷಧಿ ಡಾಕ್ಟ್ರ ಹತ್ರ ಇಲ್ಲ. ನೋವಾಗದ ಹಾಗೆ ನೋಡ್ಕೊಳ್ತಾರೆ. ನಾನು ನಿನ್ನ ಬಿಟ್ಟು ಎಲ್ಲೂ ಹೋಗಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನ ಸೈಕಲ್ ತಮ್ಮಂಗೆ" ಅಂದಳು. ಆಮೇಲೆ ರೊಟ್ಟಿಗೆ ಬೆಣ್ಣೆ ಕೇಳಿದಳು.

ಗಡ್ಡೆ ಮತ್ತೆ ಬೆಳೆಯುವ ಲಕ್ಷಣ ಕಾಣುವ ಮೊದಲೇ ಮಾಡಿಟ್ಟುಕೊಂಡ ಒಂದು ಕೆಲಸ ಬಹಳ ಉಪಯೋಗಕ್ಕೆ ಬಂತು. ಮಾತು ಮುಂದೆ ತೊದಲುತ್ತದೆ, ನಿಂತೂ ಹೋಗಬಹುದು ಅಂತ ಹೇಳಿದ್ದರು. ಹಾಗಾಗಿ ಒಂದು ಡ್ರಾಯಿಂಗ್ ಪುಸ್ತಕದಲ್ಲಿ ಅವಳ ಕೈಯಲ್ಲೇ ಚಿತ್ರ ಬರೆಸಿದೆವು. ನೀರು, ಫ್ಯಾನು, ಮಗ್ಗುಲು ತಿರುಗಿಸು, ತಲೆ ನೋವು, ಅಜ್ಜಿನ ಕರಿ, ಎಲ್ಲರೂ ಆಚೆ ಹೋಗಿ. ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುತ್ತಿದ್ದಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರೆದಳು. ಮಾತು ನಿಂತ ಮೇಲೆ ಆ ಪುಸ್ತಕದ ಮೇಲೆ ಬೆರಳಿಟ್ಟು ಕೊನೆತನಕ ಮನೆಯನ್ನು ಅವಳೇ ನಡೆಸಿದಳು. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ರಾಗಿ ಸರಿ, ಗಟ್ಟಿ ಮೊಸರು ಸಲೀಸಾಗಿ ಇಳಿಯುತ್ತಿತ್ತು.

ಕಡು ನೋವಿಗೆ ಕೊಡುವ ಮಾರ್ಫಿನ್ ಅಂದಾಗ ಮನೆಯವರೆಲ್ಲ ಬೆಚ್ಚಿದರು. ಚಟ ಹತ್ತುತ್ತೆ, ಬೇಗ ಕರ್ಕೊಂಡು ಹೋಗುತ್ತೆ ಅನ್ನುವ ಭಯ. ಡಾಕ್ಟರು ಲೆಕ್ಕ ಹಾಕಿ ಕೊಟ್ಟರೆ ಎರಡೂ ಆಗುವುದಿಲ್ಲ. 4 ಗಂಟೆಗೊಮ್ಮೆ, ನೋವು ಏರುವ ಮುಂಚೆಯೇ ಕೊಡಬೇಕು. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಗೇ ಔಷಧಿ ಬೇಕು. 2014ರಲ್ಲಿ ಮಾದಕವಸ್ತು ಕಾನೂನು ಸಡಿಲವಾಗಿದ್ದರೂ ಮೂಲೆಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ. ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ಕಾಯಿಲೆಯಲ್ಲೂ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ ವಿಭಾಗ ಇರುವ ಆಸ್ಪತ್ರೆಯಿಂದ, ಖಾಲಿಯಾಗುವ ಮೊದಲೇ ತಂದಿಡಬೇಕು. ಮನೆಯಲ್ಲಿ ಆಗುವುದೇ ಇಲ್ಲ ಅನ್ನುವವರು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಕಡೆ ವಿಚಾರಿಸಿ. ಅಲ್ಲಿ ಕ್ಯಾನ್ಸರ್ ರೋಗಿಗಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ನೋವು ಹಿಡಿತಕ್ಕೆ ಬಂದ ದಿನ ಅವಳು ಮತ್ತೆ ಬಣ್ಣದ ಪೆನ್ಸಿಲ್ ಕೇಳಿದಳು. ಪ್ಯಾಲಿಯೇಟಿವ್ ಕೇರ್ ಅಂದರೆ ಕೈಚೆಲ್ಲುವುದು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಅವಳು ಮನೆಯಲ್ಲೇ ಹೋದಳು, ನಾವೆಲ್ಲ ಪಕ್ಕದಲ್ಲೇ ಇದ್ದೆವು. ತಮ್ಮನಿಗೆ "ಅಕ್ಕ ಮಲಗಿದಾಳೆ" ಅಂತ ಯಾರೂ ಹೇಳಬಾರದು ಅಂತ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆವು. ಹಾಗೆ ಹೇಳಿದರೆ ಚಿಕ್ಕ ಮಕ್ಕಳು ಮಲಗುವುದಕ್ಕೇ ಹೆದರುತ್ತಾರೆ. ಅಕ್ಕ ಸತ್ತುಹೋದಳು, ಅವಳಿಗೆ ಇನ್ನು ನೋವಾಗಲ್ಲ, ಹಸಿವಾಗಲ್ಲ, ಇದು ನಿನ್ನಿಂದ ಆದದ್ದಲ್ಲ, ನಿನಗೆ ಅಂಟುವುದೂ ಇಲ್ಲ ಅಂತ ಹೇಳಿದೆವು. ಅವನು ಅದನ್ನೇ ತಿಂಗಳುಗಟ್ಟಲೆ ಕೇಳಿದ. ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಪಕ್ಕ ಕೂತು ಅದೇ ಉತ್ತರ ಕೊಟ್ಟೆವು.