ಕರೆಂಟ್ ಬಂದ ಕೂಡಲೇ ರಿಲೇ ತಾನಾಗಿ ಬಡಿಯುತ್ತಿದ್ದರೆ

ಕರೆಂಟ್ ಹೋಗಿ ಬಂದಾಗ ರಿಲೇ ಸುಮ್ನೆ ಒಮ್ಮೆ ಟಕ್ ಅಂದು ಮಾಳಿಗೆ ಟ್ಯಾಂಕಿನ ಮೋಟಾರ್ ಚಾಲೂ ಆಗುತ್ತಿದ್ದರೆ, ರಿಲೇ ನಡೆಸುವ ಟ್ರಾನ್ಸಿಸ್ಟರ್‌ನ ಬೇಸ್‌ನಿಂದ (ಆನ್-ಆಫ್ ಸಿಗ್ನಲ್ ಪಡೆಯುವ ಕಾಲು) ಗ್ರೌಂಡ್‌ಗೆ ಒಂದು 10 ಕೆ (10 ಸಾವಿರ ಓಮ್) ರೆಸಿಸ್ಟರ್ ಹಾಕಿ. ಸಿಗ್ನಲ್ ಕೊಡುವ ಕಂಟ್ರೋಲರ್ ಬೋರ್ಡ್ ಏಳುವಷ್ಟು (ಬೂಟ್ ಆಗುವಷ್ಟು) ಹೊತ್ತು ಅದರ ಪಿನ್ ಯಾವ ಕಡೆಗೂ ಸೇರದೆ ತೇಲುತ್ತಿರುತ್ತದೆ. ಆಗ ಬೇಸ್‌ಗೆ ನುಸುಳುವ ಚೂರು ಕರೆಂಟೇ ಟ್ರಾನ್ಸಿಸ್ಟರ್ ಆನ್ ಮಾಡಲು ಸಾಕು. 10 ಕೆ ಅದನ್ನು ಗ್ರೌಂಡ್‌ಗೆ ಇಳಿಸುತ್ತದೆ. ಟ್ರಾನ್ಸಿಸ್ಟರ್‌ನ ಸೋರಿಕೆ ಕರೆಂಟ್ ಬಿಸಿಗೆ ಜಾಸ್ತಿ ಆಗುತ್ತದೆ, ನಮ್ಮ ಕಲಬುರಗಿ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಡಬ್ಬಿ ಇಟ್ಟವರಂತೂ ಇದನ್ನು ಬಿಡಲೇಬೇಡಿ. ಉಳಿದದ್ದು ಎಂದಿನಂತೆ: ಪಿನ್‌ನಿಂದ ಬೇಸ್‌ಗೆ 1 ಕೆ, ಎಮಿಟರ್ ಗ್ರೌಂಡ್‌ಗೆ, ಕಾಯಿಲ್ ಕಲೆಕ್ಟರ್ ಕಡೆ, ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್, ಬೆಳ್ಳಿ ಗೆರೆಯ ತುದಿ ಪ್ಲಸ್‌ಗೆ. 400 ಓಮ್ ಕಾಯಿಲ್ ಇರುವ 12 ವೋಲ್ಟ್ ರಿಲೇ 30 ಮಿಲಿಆಂಪ್ ಎಳೆಯುತ್ತದೆ, ಬಿಸಿ547 ಟ್ರಾನ್ಸಿಸ್ಟರ್ ಆರಾಮಾಗಿ ತಡೆಯುತ್ತದೆ. ಗಾಡಿಯ ದೊಡ್ಡ ರಿಲೇ ಆದರೆ 100 ಮಿಲಿಆಂಪ್ ದಾಟುತ್ತದೆ, ಅದಕ್ಕೆ ಬಿಸಿ337 ಬೇಕು. ಈ 10 ಕೆ ಉಪಾಯ ಕೆಲಸ ಮಾಡದ ಜಾಗಗಳೂ ಇವೆ. ಇಎಸ್‌ಪಿ8266 ಎಂಬ ವೈಫೈ ಬೋರ್ಡ್‌ನಲ್ಲಿ ಜಿಪಿಐಒ (ಸಿಗ್ನಲ್ ಪಿನ್) 0, 2, 16 ಬೋರ್ಡ್ ಏಳುವಾಗ ತಾವೇ ಹೈ (ಆನ್ ವೋಲ್ಟೇಜ್) ಆಗುತ್ತವೆ, ಅಲ್ಲಿ 10 ಕೆ ಏನೂ ಮಾಡಲಾರದು. 4 ಅಥವಾ 5ಕ್ಕೆ ವೈರ್ ಬದಲಿಸಿ. ಸಿಗ್ನಲ್ ಲೋ ಆದಾಗ ಆನ್ ಆಗುವ ರೆಡಿಮೇಡ್ ಮಾಡ್ಯೂಲ್‌ಗೆ ಇದನ್ನು ಹಾಕಲೇಬೇಡಿ, ಉಲ್ಟಾ ಆಗುತ್ತದೆ.